ಐವತ್ತು ವರ್ಷಕ್ಕೊಮ್ಮೆ

ಕಾಸರಗೋಡಿನವನಾದ ತಪ್ಪಿಗೆ ನನಗೆ ಆಗಾಗ ದುಭಾಷಿಯ ಕೆಲಸ ಗಂಟುಬೀಳುತ್ತದೆ. ಮದುವೆ ಮಾತುಕತೆ, ಜಾಗದ ಆಧಾರಪತ್ರ, ಆಸ್ಪತ್ರೆಯ ಚೀಟಿ, ಎಲ್ಲದಕ್ಕೂ ‘ಮಾಷನ್ನು ಕರೆಯಿರಿ’ ಎನ್ನುತ್ತಾರೆ. ಮೇಷ್ಟರಿಕೆಯಿಂದ ನಿವೃತ್ತನಾದ ಮೇಲಂತೂ ಇದೇ ಉದ್ಯೋಗ. 2025ರ ಬೇಸಿಗೆಯಲ್ಲಿ ಬಂದ ಕರೆ ಮಾತ್ರ ಬೇರೆ ತರದ್ದು. ವಯನಾಡಿನ ಕಲ್ಪೆಟ್ಟದಲ್ಲಿ ಒಂದು ದಿನದ ಕೂಟ, ಮಳೆ, ಕಲ್ಲುಮಣ್ಣು, ಕಾಡು, ಕೃಷಿ ಹೀಗೆ ಬೇರೆ ಬೇರೆ ಶಾಸ್ತ್ರ ಓದಿದವರು ಒಟ್ಟಿಗೆ ಕೂತು ಬದಲಾಗುತ್ತಿರುವ ಹವೆಯ ಬಗ್ಗೆ ಮಾತಾಡುತ್ತಾರೆ, ಬೆಂಗಳೂರು, ಮೈಸೂರಿನಿಂದಲೂ ಬರುತ್ತಾರೆ, ಊರವರೂ ಇರುತ್ತಾರೆ, ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ತಿಳಿಯುವಂತೆ ಮಾಡಬೇಕು. ವಿಜ್ಞಾನ ನನಗೆ ಹತ್ತನೆಯ ತರಗತಿಯವರೆಗಿನದು ಎಂದೆ. ಅದೇ ಸಾಕು ಎಂದರು.

ನೆಡುಂಪೊಯಿಲ್ ಚುರಂ ಹತ್ತಿ ಮಾನಂತವಾಡಿಗೆ ಬಂದು, ಅಲ್ಲಿಂದ ಕಲ್ಪೆಟ್ಟಕ್ಕೆ ಹೋದೆ. ವಯಲು ತುಂಬಿದ ನಾಡು ಆದ್ದರಿಂದ ವಯನಾಡು ಎನ್ನುತ್ತಾರಷ್ಟೆ. ದಾರಿಯುದ್ದಕ್ಕೂ ನಾನು ಕಂಡ ವಯಲುಗಳಲ್ಲಿ ಬತ್ತಕ್ಕಿಂತ ಬಾಳೆಯೇ ಹೆಚ್ಚಾಗಿತ್ತು. ಇಲ್ಲಿನ ನೀರು ಬಹುಪಾಲು ಪನಮರಂ ಹೊಳೆಯಾಗಿ, ಮಾನಂತವಾಡಿ ಹೊಳೆಯಾಗಿ ಕಬಿನಿಗೆ ಸೇರಿ ಕನ್ನಡನಾಡಿಗೆ ಇಳಿಯುತ್ತದೆ; ಮೇಪ್ಪಾಡಿ ಕಡೆಯದು ಮಾತ್ರ ಬೆನ್ನು ತಿರುಗಿಸಿ ಚಾಲಿಯಾರ್ ಮೂಲಕ ಪಡುಗಡಲಿಗೆ ಹೋಗುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಪುಂಜಿರಿಮಟ್ಟ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲಿಂದ ಹೋದದ್ದು ಈ ಎರಡನೆಯ ದಾರಿಯಲ್ಲಿ. ಇನ್ನೂರೈವತ್ತಕ್ಕೂ ಹೆಚ್ಚು ಜೀವ. ಕೆಲವರ ದೇಹ ಸಿಕ್ಕಿದ್ದು ಎಷ್ಟೋ ಮೈಲಿ ಕೆಳಗೆ, ನಿಲಂಬೂರಿನ ಕಡೆ, ಹೊಳೆಯಲ್ಲಿ.

ಕೂಟ ಶುರುವಾಗಿ ಹತ್ತು ನಿಮಿಷಕ್ಕೇ ನಾನು ಸಿಕ್ಕಿಬಿದ್ದೆ. ಬೆಂಗಳೂರಿನವರೊಬ್ಬರು ‘ಭೂಕುಸಿತ’ ಎಂದರು. ಮಲಯಾಳದಲ್ಲಿ ಯಾವುದು ಹೇಳಲಿ? ರಸ್ತೆಬದಿಯ ದರೆ ಜರಿದು ಬಿದ್ದರೆ ಅದು ಮಣ್ಣಿಡಿಚ್ಚಿಲ್. ನೀರು ಕುಡಿದ ಗುಡ್ಡ ಒಡೆದು, ಕಲ್ಲು ಮರ ಕೆಸರು ಒಂದಾಗಿ ತೋಡಿನಲ್ಲಿ ಹಾರಿ ಬಂದರೆ ಅದು ಉರುಳ್‌ಪೊಟ್ಟಲ್. ಮೊದಲನೆಯದರಲ್ಲಿ ಗುಡ್ಡದ ಬುಡದವನಿಗೆ ಅಪಾಯ, ಎರಡನೆಯದರಲ್ಲಿ ಗುಡ್ಡವನ್ನು ಕಣ್ಣಾರೆ ಕಾಣದವನಿಗೂ. ನಮ್ಮ ಕನ್ನಡ ಪತ್ರಿಕೆಗಳು 2018ರ ಕೊಡಗು, 2020ರ ತಲಕಾವೇರಿ, 2024ರ ಶಿರೂರು ಎಲ್ಲಕ್ಕೂ ಭೂಕುಸಿತ ಎಂಬ ಒಂದೇ ಶಬ್ದ ಬರೆದವು. ನಾನು ‘ಯಾವ ತರದ್ದು ಸಾರ್?’ ಎಂದು ಕೇಳಿದೆ. ಅವರು ಉತ್ತರಿಸುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಭೂವಿಜ್ಞಾನಿ ಮೇಜು ತಟ್ಟಿ, ‘ಅದೇ ಕೇಳಬೇಕಾದ ಪ್ರಶ್ನೆ’ ಎಂದರು. ಅಲ್ಲಿಂದ ಅರ್ಧ ಗಂಟೆ ಮಳೆಯವರಿಗೂ ಕಲ್ಲಿನವರಿಗೂ ಚರ್ಚೆ. ಎರಡು ಭಾಷೆಯ ನಡುವೆ ನಿಲ್ಲಲು ಬಂದವನು ನಾಲ್ಕೈದು ಶಾಸ್ತ್ರಗಳ ನಡುವೆ ನಿಂತಿದ್ದೆ. ಅವೂ ಒಂದಕ್ಕೊಂದು ಪರಭಾಷೆಯೇ ಎಂದು ಅಂದು ತಿಳಿಯಿತು.

ಇವರೆಲ್ಲ ಒಟ್ಟು ಸೇರಿದ್ದು ಅದೇ ಮೊದಲೇನಲ್ಲ. 2010ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ನೇಮಿಸಿದ ಪಶ್ಚಿಮಘಟ್ಟ ತಜ್ಞ ಸಮಿತಿಯಲ್ಲಿ ಆನೆ ಬಲ್ಲ ಸುಕುಮಾರ್ ಇದ್ದರು, ಹಕ್ಕಿ ಬಲ್ಲ ವಿಜಯನ್ ಇದ್ದರು, ಅರ್ಥಶಾಸ್ತ್ರಜ್ಞೆ ಲಿಜಿಯಾ ನೊರೊನ್ಹಾ ಇದ್ದರು. ನಮ್ಮ ಓದುಗರಿಗೆ ಕಾದಂಬರಿಗಳಿಂದ ಪರಿಚಿತರಾದ ಕೆ. ಎನ್. ಗಣೇಶಯ್ಯನವರೂ ಇದ್ದರು. 2011ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಅದು ಸಾರ್ವಜನಿಕರ ಕೈಗೆ ಬಂದದ್ದು ಕೋರ್ಟು ಹೇಳಿದ ಮೇಲೆ, 2012ರ ಮೇ ತಿಂಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಗ್ರಾಮಸಭೆಗಳು ಓದಿ ಚರ್ಚಿಸಲಿ ಎಂಬುದು ಗಾಡ್ಗೀಳರ ಆಸೆ. ಆದರೆ ಊರಿಗೆ ಪುಸ್ತಕಕ್ಕಿಂತ ಮೊದಲು ಭಯ ತಲುಪಿತು. ಬಳಿಕ ಬಂದ ಕಸ್ತೂರಿರಂಗನ್ ವರದಿಯ ಮೇಲೆ 2013ರ ನವೆಂಬರಿನಲ್ಲಿ ಕೊಟ್ಟಿಯೂರು, ತಾಮರಶ್ಶೇರಿ ಕಡೆ ಗಲಭೆ, ಬೆಂಕಿ. ಬೆಂಕಿ ಹಚ್ಚಿದವರಲ್ಲಿ ಎಷ್ಟು ಮಂದಿ ಓದಿದ್ದರೋ! ಓದಲಿಲ್ಲ ಎಂದು ಅವರನ್ನಷ್ಟೇ ದೂರುವ ಮನಸ್ಸು ನನಗಿಲ್ಲ. ಭಾಷಾಂತರ ಮಾಡಿಕೊಡಬೇಕಾದವರು ಯಾರು?

ಮಧ್ಯಾಹ್ನ ಗಂಜಿಯೂಟ. ಅಲ್ಲಿ ಕೇಳಿದ ಒಂದು ಸಂಗತಿ ಬರೆಯಲೇಬೇಕು. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಮಳೆಮಾಪಕ ಇಟ್ಟು ದಿನದಿನದ ಲೆಕ್ಕ ಬರೆಯುತ್ತದೆ. ಬರೆದು ಕಳಿಸುವವರಲ್ಲಿ ರೈತರು, ತೋಟದವರು ಇದ್ದಾರೆ. ಒಂದು ಗುಡ್ಡದ ಆಚೆ ಇನ್ನೂರು ಮಿಲಿಮೀಟರ್, ಈಚೆ ಐವತ್ತು ಬೀಳುವ ಊರಿದು. ಜಿಲ್ಲೆಗೊಂದು ಅಂಕಿಯಿಂದ ಏನೂ ತಿಳಿಯದು. ಆ ಜುಲೈಯಲ್ಲಿ 48 ಗಂಟೆಯೊಳಗೆ 572 ಮಿಲಿಮೀಟರ್ ಬಿದ್ದಿತ್ತು ಎಂದು ವರದಿಯಾಗಿದೆ. ಹಿಂದಿನ ದಿನ ಬೆಳಗ್ಗೆಯೇ ಸಂಸ್ಥೆಯವರು ಅಪಾಯವಿದೆಯೆಂದು ತಿಳಿಸಿದ್ದರು. ಅಂಕಿ ಇತ್ತು. ಅಂಕಿಯಿಂದ ಬಾಗಿಲು ತಟ್ಟುವವರೆಗಿನ ದಾರಿಯೇ ಉದ್ದ.

ಮಧ್ಯಾಹ್ನದ ಮೇಲೆ ನನ್ನ ತಪ್ಪು ಆಯಿತು. ದುರಂತವಾದ ಎರಡೇ ವಾರದಲ್ಲಿ ಆರು ದೇಶಗಳ 24 ವಿಜ್ಞಾನಿಗಳು ಮಾಡಿದ ಅಧ್ಯಯನವನ್ನು ಒಬ್ಬರು ವಿವರಿಸುತ್ತಿದ್ದರು. ಭೂಮಿ 1.3 ಡಿಗ್ರಿ ಬಿಸಿಯಾಗದೆ ಇದ್ದಿದ್ದರೆ ಆ ದಿನದ ಮಳೆ ಸುಮಾರು ಶೇಕಡಾ 10ರಷ್ಟು ಹಗುರಾಗಿರುತ್ತಿತ್ತು. ಬೆಟ್ಟದ ಸಣ್ಣ ಜಾಗವಾದ್ದರಿಂದ ಲೆಕ್ಕದಲ್ಲಿ ಅನಿಶ್ಚಿತತೆ ಬಹಳ. ಇಂದಿನ ಹವೆಯಲ್ಲಿ ಇಂಥ ಮಳೆ ಐವತ್ತು ವರ್ಷಕ್ಕೊಮ್ಮೆ ನಿರೀಕ್ಷಿತ. ನಾನು ಹಾಗೆಯೇ ‘ಅಂಬತು ಕೊಲ್ಲತ್ತಿಲ್ ಒರಿಕ್ಕಲ್’ ಎಂದುಬಿಟ್ಟೆ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. ಎಪ್ಪತ್ತರ ಆಸುಪಾಸು. ದುರಂತದ ಮೇಲೆ ಕೆಳಗೆ ಬಾಡಿಗೆ ಮನೆಯಲ್ಲಿದ್ದಾರೆ. ಮೇಲೆ ಮನೆ ಉಳಿದಿದೆ, ಸ್ವಲ್ಪ ಕಾಫಿ ಇದೆ. ಅವರು ಬೆರಳು ಮಡಚಿ ಲೆಕ್ಕ ಹೇಳಿದರು. ‘84ರಲ್ಲಿ ಮುಂಡಕ್ಕೈಯಲ್ಲಿ ಒಡೆದಾಗ ನಾನು ಬಾಣಂತಿ. ಹದಿನಾಲ್ಕು ಜನ ಹೋದರು. 2019ರಲ್ಲಿ ಪುತ್ತುಮಲೆ, ಹದಿನೇಳು ಜನ. ಈಗ ಇದು. ಇನ್ನೈವತ್ತು ವರ್ಷ ಅಂದರೆ 2074. ನಾನಿರುವುದಿಲ್ಲ. ಹಾಗಾದರೆ ನಾನು ಮೇಲೆ ಹೋಗಿ ಇರಬಹುದಲ್ಲ?’

ಮಳೆಯ ವಿಜ್ಞಾನಿಗೆ ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ನಾಲಗೆ ಒಣಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಐವತ್ತು ವರ್ಷ ಕಾಯುತ್ತದೆ ಎಂದಲ್ಲ, ಪ್ರತಿವರ್ಷವೂ ನೂರರಲ್ಲಿ ಎರಡು ಪಾಲು’ ಎಂದರು. ಇದನ್ನು ಹೇಳಿದರೆ ಅಮ್ಮನಿಗೆ ಏನು ತಿಳಿದೀತು? ನಾನು ಮೇಷ್ಟರ ಬುದ್ಧಿ ಓಡಿಸಿದೆ. ‘ಅಮ್ಮ, ಒಂದು ಚೆಂಬಿನಲ್ಲಿ ತೊಂಬತ್ತೆಂಟು ಕಾಫಿಬೀಜ, ಎರಡು ಮೆಣಸಿನಕಾಳು. ಪ್ರತಿ ಇಡವಪ್ಪಾದಿಗೆ ಕಣ್ಣುಮುಚ್ಚಿ ಒಂದು ತೆಗೆಯಬೇಕು. ನೋಡಿ ಮತ್ತೆ ಅಲ್ಲೇ ಹಾಕಬೇಕು.’

‘ಮೆಣಸು ಸಿಕ್ಕಿದರೂ ಮತ್ತೆ ಅದರಲ್ಲೇ ಹಾಕುವುದೋ?’

‘ಅದರಲ್ಲೇ.’

ಅವರು ಸುಮ್ಮನಾದರು. ವಿಜ್ಞಾನಿ ಕಾಗದದಲ್ಲಿ ಲೆಕ್ಕಮಾಡಿ, ಹತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಹದಿನೆಂಟು, ಇಪ್ಪತ್ತು ವರ್ಷದಲ್ಲಿ ಮೂವತ್ತಮೂರು ಎಂದರು. ಹವೆ ಬಿಸಿಯಾದಷ್ಟೂ ಚೆಂಬಿಗೆ ನಾವೇ ಮೆಣಸು ಹಾಕುತ್ತಿದ್ದೇವೆ ಎಂದೂ ಸೇರಿಸಿದರು. ಆಗ ಭೂವಿಜ್ಞಾನಿ ಎದ್ದರು. ‘ಇದು ಮಳೆಯ ಲೆಕ್ಕವಷ್ಟೆ. ಗುಡ್ಡ ಈ ಚೆಂಬಿನಲ್ಲಿಲ್ಲ. ಒಮ್ಮೆ ಒಡೆದ ಜಾಗದ ನೆತ್ತಿಯಲ್ಲಿ ಸಡಿಲ ಮಣ್ಣು ಉಳಿದಿರುತ್ತದೆ. ಮುಂದಿನ ಸಲ ಅಷ್ಟು ಮಳೆ ಬೇಕಾಗದು.’ ಕಾಡಿನ ತಜ್ಞೆ ಇನ್ನೊಂದು ಎಳೆ ಸೇರಿಸಿದರು: ಮರ ಕಡಿದ ಮೇಲೆ ಬೇರು ಕೆಲವು ವರ್ಷ ಮಣ್ಣು ಹಿಡಿದಿರುತ್ತದೆ, ಕೊಳೆತ ಮೇಲೆ ಬಿಡುತ್ತದೆ, ವಯನಾಡಿನಲ್ಲಿ 1950ರಿಂದ 2018ರೊಳಗೆ ಕಾಡಿನ ಹೊದಿಕೆ ಶೇಕಡಾ 62 ಕಡಿಮೆಯಾಗಿದೆ. ಬೆಳಗ್ಗಿನಿಂದ ತಮ್ಮ ತಮ್ಮ ಪಟ ತೋರಿಸುತ್ತಿದ್ದ ಮೂವರೂ ಮೊದಲ ಬಾರಿಗೆ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು. ಕೇಳಿದ್ದು ಆ ಅಮ್ಮ. ಕೇಳಿಸಿದ್ದು ನನ್ನ ಅರೆಬೆಂದ ಅನುವಾದ.

ಸಂಜೆ ಚಹಾದ ಹೊತ್ತಿಗೆ ಕ್ಷಮೆ ಕೇಳಲು ಅವರ ಬಳಿ ಹೋದೆ. ಗ್ಲಾಸು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಈ ವರ್ಷದ ಕಾಫಿ ಕೊಯ್ದಾಯಿತೇ ಎಂದು ಕೇಳಿದೆ. ಅರ್ಧ ಕೊಯ್ದದ್ದು, ಅರ್ಧ ಉದುರಿದ್ದು ಎಂದರು. ಕಲ್ಪೆಟ್ಟದಲ್ಲಿ ಸರಕಾರ ಕಟ್ಟುತ್ತಿರುವ ಮನೆಗಳ ಮಾತು ತೆಗೆದೆ. ‘ಮನೆ ಸಿಕ್ಕೀತು. ಅಂಗಳದಲ್ಲಿ ಕಾಫಿ ಒಣಗಿಸಲು ಕಾಫಿ ಎಲ್ಲಿಂದ ತರಲಿ?’

ಬಸ್ಸಿಗೆ ಹೊತ್ತಾಗಿತ್ತು. ಏಳುವಾಗ ಅವರು ನನ್ನ ಮುಖ ನೋಡಿ ಹೇಳಿದರು: ‘ನೀವು ಮೊದಲು ಹೇಳಿದ್ದೇ ಚೆನ್ನಾಗಿತ್ತು, ಮಾಷೆ.’