ಫಿಲ್ಟರಿನ ತೂತು

ಮನೆಯ ಕಾಫಿ ಕೆಟ್ಟರೆ ನಾವು ಮೊದಲು ಬೈಯುವುದು ಪುಡಿ ಅಂಗಡಿಯವನನ್ನು. ಆಮೇಲೆ ಹಾಲಿನವನ ಸರದಿ. ಈ ಸಲ ಹುರಿದದ್ದು ಹೆಚ್ಚಾಯಿತು, ಚಿಕೋರಿ ಸುರಿದುಬಿಟ್ಟಿದ್ದಾನೆ ಎಂದು ಮಾತು ಬೆಳೆಯುತ್ತದೆ. ಅವರಿಬ್ಬರನ್ನೂ ಬಿಟ್ಟು ಮೊದಲು ಫಿಲ್ಟರಿನ ಮೇಲಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅನ್ನುವವನು ನಾನು. ತಳದ ತೂತುಗಳಲ್ಲಿ ಅರ್ಧದಷ್ಟು ಕಾಣದಿದ್ದರೆ ತಪ್ಪು ಅಲ್ಲಿದೆ. ಡಿಕಾಕ್ಷನ್ ಬೇಗ ಇಳಿಯುವುದಿಲ್ಲ; ನೀರು ಪುಡಿಯ ಮೇಲೆ ಹೊತ್ತುಗಟ್ಟಲೆ ಕೂತು ಕಹಿಯನ್ನೆಲ್ಲ ಎಳೆದು ತರುತ್ತದೆ. ಬೆಳಗಿನ ಅವಸರದಲ್ಲಿ ಡಬ್ಬಿಯ ನೆತ್ತಿಗೆ ಚಮಚದಿಂದ ಟಕಟಕ ತಟ್ಟುವ ಮನೆಗಳನ್ನು ಎಷ್ಟೋ ಕಂಡಿದ್ದೇನೆ. ತಟ್ಟಿದರೆ ಆ ಹೊತ್ತಿಗೆ ನಾಲ್ಕು ಹನಿ ಇಳಿಯುತ್ತದೆ, ಅಷ್ಟೆ.

ಫಿಲ್ಟರಿಗೆ ಹಿಡಿಯುವ ಕೊಳೆ ಒಂದೇ ಜಾತಿಯದಲ್ಲ. ತೂತಿನಲ್ಲಿ ಸಿಕ್ಕಿಕೊಳ್ಳುವುದು ನುಣ್ಣನೆಯ ಪುಡಿ. ಅದಕ್ಕೆ ಚಿಕೋರಿಯ ಅಂಟು ಸೇರಿದರೆ ಒಣಗಿ ಗಟ್ಟಿಯಾಗುತ್ತದೆ. ಚಿಕೋರಿ ಬೇರಿನಲ್ಲಿರುವ ಇನುಲಿನ್ ಎಂಬ ನಾರು ಹುರಿಯುವಾಗ ಒಂದಿಷ್ಟು ಸಕ್ಕರೆಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಡಿಕಾಕ್ಷನ್ ಮಂದವಾಗಿ ಬರುವುದಕ್ಕೂ ತೂತು ಕಟ್ಟಿಕೊಳ್ಳುವುದಕ್ಕೂ ಅದರ ಪಾಲಿದೆ. ಚರಟವನ್ನು ಒಣಗಲು ಬಿಡದೆ, ಕಾಫಿ ಕುಡಿದ ಮೇಲೆ ಆದಷ್ಟು ಬೇಗ ತಟ್ಟಿ ತೆಗೆದು, ಡಬ್ಬಿಯನ್ನು ಬೋರಲು ಹಿಡಿದು ತಳದಿಂದ ನೀರು ಬಿಟ್ಟರೆ ಬಹುಪಾಲು ಕೆಲಸ ಮುಗಿಯಿತು. ಪಿನ್ನು ಹಾಕಿ ಚುಚ್ಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತೂತು ದೊಡ್ಡದಾದರೆ ಪುಡಿಯೆಲ್ಲ ಕೆಳಗಿನ ಡಬ್ಬಿಗೇ ಇಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಎರಡನೆಯದು ಎಣ್ಣೆಯ ಜಿಡ್ಡು, ರುಚಿಯ ನಿಜವಾದ ಶತ್ರು. ಅರೇಬಿಕಾ ಬೀಜದಲ್ಲಿ ನೂರಕ್ಕೆ ಸುಮಾರು 15 ಪಾಲು ಕೊಬ್ಬು, ರೊಬಸ್ಟಾದಲ್ಲಿ ಸುಮಾರು 10. ನಮ್ಮ ಲೋಹದ ಫಿಲ್ಟರ್ ಅದನ್ನು ತಡೆಯುವುದಿಲ್ಲ, ಕಾಗದ ತಡೆಯುತ್ತದೆ. ಜರ್ಮನಿಯ ಡ್ರೆಸ್ಡನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಹಿತ್ತಾಳೆಯ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಕಾಗದ ಹಾಸಿ ಕಾಫಿ ಸೋಸಿದಳು. ಚರಟ, ಕಹಿ ಎರಡೂ ಬೇಡವಾಗಿತ್ತು ಆಕೆಗೆ. ಆದರೆ ನಮ್ಮ ನಾಲಿಗೆಗೆ ಆ ಎಣ್ಣೆ ಬೇಕು. ಗಟ್ಟಿ ಕಾಫಿಯ ಮೈ ಅದರಲ್ಲಿದೆ. ಹಾಗಿದ್ದಮೇಲೆ ಪಾತ್ರೆಗೆ ಅಂಟಿದ್ದನ್ನು ತೆಗೆಯುವ ಹೊಣೆಯೂ ನಮ್ಮದೇ. ಅದು ಹಳಸಿದರೆ ಕಮಟು ವಾಸನೆ ಹೊಸ ಡಿಕಾಕ್ಷನ್ನಿಗೂ ಹತ್ತುತ್ತದೆ.

ಫಿಲ್ಟರಿಗೆ ಸೋಪು ಮುಟ್ಟಿಸಬಾರದು ಅನ್ನುವ ಹಿರಿಯರಿದ್ದಾರೆ. ಇಟಲಿಯಲ್ಲೂ ಮೋಕಾ ಪಾಟಿನ ಬಗ್ಗೆ ಇದೇ ಮಾತಿದೆ. ಆಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನಲ್ಲಿ 1933ರಿಂದ ಪ್ರಸಿದ್ಧವಾದ ಆ ಪಾತ್ರೆ ಅಲ್ಯುಮಿನಿಯಂದು. ಅದಕ್ಕೆ ಸೋಡಾ ಹಾಕಿದರೆ ಕಪ್ಪಾಗುತ್ತದೆ. ಸ್ಟೀಲಿಗೆ ಆ ಭಯವಿಲ್ಲ. ದಿನವೂ ಬಿಸಿನೀರಿನಲ್ಲಿ ತೊಳೆಯುವುದು ಸರಿ, ಆದರೆ ಆಗಾಗ ಅಡಿಗೆ ಸೋಡಾ ಹಾಕಿದ ಕುದಿನೀರಿನಲ್ಲಿ ಮೇಲಿನ ಡಬ್ಬಿಯನ್ನೂ, ಪುಡಿ ಒತ್ತುವ ತೂತಿನ ಬಿಲ್ಲೆಯನ್ನೂ ಮುಳುಗಿಸಿಡಬೇಕು. ನೀರು ಕಂದುಬಣ್ಣಕ್ಕೆ ತಿರುಗುವುದನ್ನು ಒಮ್ಮೆ ಕಂಡವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಮೂರನೆಯದು ಸುಣ್ಣದ ಬಿಳಿ ಪೊರೆ, ಬೋರ್‌ವೆಲ್ ನೀರಿನ ಕೊಡುಗೆ. ಫಿಲ್ಟರಿಗಿಂತ ಕರೆಂಟಿನ ಕಾಫಿ ಮೇಕರ್‌ಗೆ ಇದರ ಕಾಟ ಹೆಚ್ಚು. ಇಲ್ಲಿ ಸೋಡಾ ಕೆಲಸಕ್ಕೆ ಬಾರದು. ಜಿಡ್ಡಿಗೆ ಕ್ಷಾರ, ಸುಣ್ಣಕ್ಕೆ ಹುಳಿ. ನಿಂಬೆ ಉಪ್ಪು ಕರಗಿಸಿದ ನೀರನ್ನು ಯಂತ್ರದಲ್ಲಿ ಓಡಿಸಿ, ಆಮೇಲೆ ಹುಳಿ ಪೂರಾ ಹೋಗುವವರೆಗೆ ಬರೀ ನೀರು ಓಡಿಸಿದರಾಯಿತು. ಸೋಡಾ, ಹುಳಿ ಎರಡನ್ನೂ ಒಟ್ಟಿಗೆ ಸುರಿದು ನೊರೆ ಬಂತೆಂದು ಹಿಗ್ಗುವವರಿದ್ದಾರೆ; ಒಂದು ಇನ್ನೊಂದರ ಬಲವನ್ನು ತಿಂದುಹಾಕಿ ಎರಡೂ ದಂಡವಾಗುತ್ತವೆ.

ಅಜ್ಜಿಯ ಕಾಲದ ಹಿತ್ತಾಳೆ ಫಿಲ್ಟರ್ ಇದ್ದವರಿಗೆ ಇನ್ನೊಂದು ಮಾತು. ಹೊರಗೆ ಹುಣಸೆಹಣ್ಣು ಹಚ್ಚಿ ಬೆಳಗಿ, ಫಳಫಳ ಹೊಳೆಯಲಿ. ಒಳಗೆ ಮಾತ್ರ ಮೆತ್ತನೆಯ ಬಟ್ಟೆ ಬಿಟ್ಟು ಏನನ್ನೂ ಆಡಿಸಬೇಡಿ, ಅಲ್ಲಿರುವುದು ಕಲಾಯಿಯ ತೆಳು ಪದರ. ಕಟ್ಟಿದ ತೂತನ್ನು ಒಲೆಯ ಉರಿಗೆ ಹಿಡಿದು ಸುಡುವುದು ಸ್ಟೀಲ್ ಫಿಲ್ಟರಿಗೆ ನಡೆದೀತು. ಇದಕ್ಕೆ ಕೂಡದು, ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿ ಎದ್ದು ಹಿತ್ತಾಳೆ ಇಣುಕಿದರೆ, ಕಾಫಿಯ ಹುಳಿ ನೇರ ಅದಕ್ಕೆ ತಾಗುತ್ತದೆ. ಕಲಾಯಿಯವರು ಈಗ ಬೀದಿಯಲ್ಲಿ ಕೂಗಿಕೊಂಡು ಬರುವುದು ಅಪರೂಪ. ಪಾತ್ರೆ ಅಂಗಡಿಯಲ್ಲಿ ವಿಚಾರಿಸಿ ಹುಡುಕಿ, ಮತ್ತೆ ಹಾಕಿಸುವವರೆಗೆ ಸ್ಟೀಲಿನದರಲ್ಲಿ ಕಾಫಿ ಇಳಿಸಿ.