ಅತ್ತಿಗುಂಡಿಯಿಂದ ಪ್ರಜಾಪ್ರತಿನಿಧಿ ಸಭೆಗೆ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯತ್ತ ಹೊರಟವರಿಗೆ ಕೈಮರದ ಬಳಿಕ ಏರುದಾರಿ. ಮುಳ್ಳಪ್ಪಸ್ವಾಮಿಯ ಗದ್ದುಗೆಯಿರುವ ಮುಳ್ಳಯ್ಯನಗಿರಿಯ ಹಾದಿಯನ್ನು ಬಿಟ್ಟು ಮುಂದೆ ಸಾಗಿದರೆ ಅತ್ತಿಗುಂಡಿ ಎದುರಾಗುತ್ತದೆ. ಮೇಲೆ ಬೋಳು ಹುಲ್ಲುಗುಡ್ಡ, ಕೆಳಗೆ ಮರಗಳ ನೆರಳಿನಲ್ಲಿ ಕಾಫಿ. ಝರಿ ಜಲಪಾತಕ್ಕೆ ಹೋಗುವ ಪ್ರವಾಸಿಗರು ಇಲ್ಲಿ ಜೀಪು ಹಿಡಿಯುತ್ತಾರೆ. ಊರನ್ನು ನೋಡುವವರು ವಿರಳ.

ಈ ಬೆಟ್ಟಗಳಿಗೆ ಬಂದ ಪರದೇಶೀಯರಲ್ಲಿ ಮೊದಲಿಗರು ವರ್ತಕರೇ. 1820ರ ದಶಕದಲ್ಲಿ ಮದರಾಸಿನ ಪ್ಯಾರಿ ಕಂಪೆನಿಯು ಇಲ್ಲಿಯ ಕಾಫಿಯ ಗುತ್ತಿಗೆ ಹಿಡಿಯಿತು. ಬೆಳೆದವರು ಬೇರೆ, ಬೆಲೆ ಕಟ್ಟಿದವರು ಬೇರೆ. ಅನಂತರ ಕ್ಯಾನನ್ ಎಂಬ ಆಂಗ್ಲನು ಬಾಬಾಬುಡನ್‌ಗಿರಿಗೆ ತೆಂಕಲಾಗಿರುವ ಶ್ರೇಣಿಯಲ್ಲಿ ತೋಟ ಮಾಡಿದನು. ಅವನ ಯಶಸ್ಸು ಮಿಕ್ಕವರನ್ನು ಸೆಳೆಯಿತು. 1843ರಲ್ಲಿ ಗ್ರೀನ್ ಎಂಬುವನು ಮಂಜರಾಬಾದಿನ ಐಗೂರಿನ ಬಳಿ ತೋಟ ತೆರೆದನು. ಅದೇ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಸೀಮೆಗೆ, 1850ರ ದಶಕದ ನಡುವೆ ಬಂದವನು ರಾಬರ್ಟ್ ಎಲಿಯಟ್.

ಎಲಿಯಟ್ಟನು ಅಂಗಡಿಯಿಟ್ಟ ವರ್ತಕನಲ್ಲ. ಆದರೆ ತೋಟವೆಂಬುದು ಅವನಿಗೆ ಲೆಕ್ಕಪತ್ರದ ವ್ಯವಹಾರವೇ ಆಗಿತ್ತು: ಕೂಲಿಯ ಮುಂಗಡ, ಘಟ್ಟದ ಕೆಳಗಿನ ಸಾಗಾಟ, ಲಂಡನ್ನಿನ ಧಾರಣೆ, ಬೆಳ್ಳಿ ರೂಪಾಯಿಯ ಏರಿಳಿತ. ಆ ಲೆಕ್ಕವೇ ಅವನನ್ನು ರಾಜಕಾರಣಕ್ಕೆ ಕರೆತಂದಿತೆಂದು ನನಗೆ ತೋರುತ್ತದೆ.

ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಕೂಡಿಸಿದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದಿದ್ದರು. ಕರೆ ಹೋದದ್ದು ಭೂಮಾಲಿಕರಿಗೆ ಮತ್ತು ವರ್ತಕರಿಗೆ. ತಕ್ಕಡಿ ಹಿಡಿದಿದ್ದ ಪೇಟೆಯ ಸಾಹುಕಾರರು ಅಂದು ಮೊದಲ ಬಾರಿಗೆ ದಿವಾನರೆದುರು ನಾಡಿನ ಪರವಾಗಿ ಅಹವಾಲು ಹೇಳಿದರು. ಶಾಸನ ಮಾಡುವ ಅಧಿಕಾರವಾಗಲಿ, ಆಯವ್ಯಯವನ್ನು ತಡೆಯುವ ಅಧಿಕಾರವಾಗಲಿ ಸಭೆಗಿರಲಿಲ್ಲ. ಆದರೂ ಕೇಳುವ ಹಕ್ಕು ದೊರೆತದ್ದು ಸಣ್ಣ ಮಾತಲ್ಲ. 1891ರಲ್ಲಿ ಚುನಾವಣೆ ಬಂದಾಗಲೂ ಮತವು ಆಸ್ತಿವಂತರಿಗೆ, ಓದಿದವರಿಗೆ ಮೀಸಲಾಗಿತ್ತು.

ಎಲಿಯಟ್ಟನೂ ಈ ಸಭೆಯ ಸದಸ್ಯನಾದನು. 1894ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚಿನ್ನ, ಬೇಟೆ, ಕಾಫಿಗಳ ಜೊತೆಗೆ ಸಭೆಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಕಾಂಗ್ರೆಸ್ಸನ್ನು ಒಪ್ಪದವನು ಮೈಸೂರಿನ ಸಭೆಯನ್ನು ಮೆಚ್ಚಿದನು. ಇದು ವಿಚಿತ್ರವೇನಲ್ಲ: ಅಲ್ಲಿ ಕೂತವರು ಬಹುಮಟ್ಟಿಗೆ ತೆರಿಗೆ ತೆರುವ ಅವನಂಥವರೇ. ತಮ್ಮ ಹಿತವನ್ನು ಬಲ್ಲವರು ಮಾತನಾಡಿದ್ದರಲ್ಲಿ ತಪ್ಪಿಲ್ಲ. ಅದರಿಂದ ನಾಡಿಗೂ ಪ್ರಯೋಜನವಾಯಿತು. ಆದರೆ ಅವರ ಮಾತೇ ಪ್ರಜೆಗಳೆಲ್ಲರ ಮಾತೆಂದು ದಾಖಲಾದದ್ದು ಬೇರೆ ಸಂಗತಿ.

ಹಣ್ಣು ಕೊಯ್ದವರಿಗೆ ಆ ಸಭೆಯಲ್ಲಿ ಪೀಠವಿರಲಿಲ್ಲ. ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಯ ಮುಂಗಡ ಪಡೆದು ಬಂದವರು ಅವರು. ಸಭೆಯು 1949ರಲ್ಲಿ ಮುಗಿಯಿತು. 1952ರ ಮಹಾಚುನಾವಣೆಯಲ್ಲಿ ತೋಟದ ಧಣಿಗೂ ಸಾಲುಮನೆಯ ಹೆಂಗಸಿಗೂ ಒಂದೊಂದೇ ಮತ. ಅತ್ತಿಗುಂಡಿಯ ಸುತ್ತಲಿನ ಇಳಿಜಾರಿನಲ್ಲಿ ಕೊಯ್ಲಿನ ಕಾಲಕ್ಕೆ ಇಂದಿಗೂ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲು ಹಿಡಿಯುತ್ತಾರೆ, ಸಂಜೆ ತೂಕವಾಗುತ್ತದೆ.