ಗುಳಿಹಂಚನ್ನರಸಿ ಯಲಹಂಕಕ್ಕೆ

ಕಾಶೀಯಾತ್ರೆ ರಾಮೇಶ್ವರಯಾತ್ರೆಗಳನ್ನು ಕುರಿತು ಬರೆದವರು ಬಹುಮಂದಿ ಇರುವರು. ನಾನೀಗ ಬರೆಯಹೊರಟಿರುವುದು ಹತ್ತು ಹನ್ನೆರಡು ಕಿಲೋಮೀಟರಿನ ಒಂದು ಪಯಣವನ್ನು ಕುರಿತು. ಬೆಂಗಳೂರಿನ ಉತ್ತರಭಾಗದಲ್ಲಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಬಡಾವಣೆಯೊಂದುಂಟು. ಜನರು ಅದನ್ನು ಆರ್. ಟಿ. ನಗರವೆಂದು ಮೊಟಕುಗೊಳಿಸಿರುವರು. ಅಲ್ಲಿಂದ ಹೊರಟು, ಹೆಬ್ಬಾಳವನ್ನು ಹಾದು, ಯಲಹಂಕಕ್ಕೆ ಹೋಗಿ, ಒಂದು ಕಬ್ಬಿಣದ ಹಂಚನ್ನು ಕೊಂಡು ಹಿಂದಿರುಗಿದ ಕಥೆಯಿದು. ಈ ಯಾತ್ರೆಗೆ ಪುಣ್ಯಸಂಪಾದನೆಯ ಉದ್ದೇಶವಿರಲಿಲ್ಲ, ಪ್ರಾಯಶ್ಚಿತ್ತದ ಉದ್ದೇಶವಿದ್ದಿತು.

ಕಳೆದ ಡಿಸೆಂಬರಿನಲ್ಲಿ ನನ್ನ ಮಗಳು ಡೆನ್ಮಾರ್ಕಿನಿಂದ ಬಂದಿದ್ದಳು. ಜತೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳು. ಮಗು ಹುಟ್ಟಿ ಬೆಳೆದುದೆಲ್ಲ ಕೋಪನ್‌ಹೇಗನ್ ನಗರದಲ್ಲಿ. ಕನ್ನಡವು ಅವಳ ಕಿವಿಗೆ ಒಗ್ಗಿದೆ, ನಾಲಗೆಗೆ ಇನ್ನೂ ಒಗ್ಗಿಲ್ಲ. ನಾನಾಡಿದುದರಲ್ಲಿ ಮುಕ್ಕಾಲು ಅವಳಿಗೆ ತಿಳಿಯುವುದು. ಅವಳಾಡಿದುದರಲ್ಲಿ ಕಾಲುಭಾಗ ನನಗೆ ತಿಳಿಯುವುದು. ಆಯುಷ್ಯವೆಲ್ಲ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ, ಒಂದು ಮಗುವಿನೊಡನೆ ಆಡಲು ಮಾತು ಸಾಲದೆ ಹೋದುದು ಅದೇ ಮೊದಲು.

ಆ ದೇಶದಲ್ಲಿ ಡಿಸೆಂಬರ್ ಎಂದರೆ ಕತ್ತಲೆಯ ತಿಂಗಳು. ಮಧ್ಯಾಹ್ನ ಮೂರು ಮುಕ್ಕಾಲು ಗಂಟೆಯ ಹೊತ್ತಿಗೆಲ್ಲ ಸೂರ್ಯನು ಮುಳುಗಿಬಿಡುವನಂತೆ. ಆ ದೀರ್ಘಸಂಧ್ಯೆಗಳಲ್ಲಿ ಮನೆಮನೆಯಲ್ಲಿ ಒಂದು ಬಗೆಯ ದುಂಡನೆಯ ಬಿಸಿ ಭಕ್ಷ್ಯವನ್ನು ಮಾಡಿ, ಹಣ್ಣಿನ ಪಾಕದೊಡನೆಯೂ ಸಕ್ಕರೆಯ ಪುಡಿಯೊಡನೆಯೂ ತಿನ್ನುವುದು ರೂಢಿ. ಅದಕ್ಕೆ 'ಎಬ್ಲೆಸ್ಕಿವರ್' ಎಂದು ಹೆಸರು. ಸೇಬಿನ ಹೋಳುಗಳೆಂದು ಪದದ ಅರ್ಥ. ಹಿಂದೆ ಒಳಗೆ ಸೇಬಿನ ಚೂರನ್ನು ಹುದುಗಿಸುತ್ತಿದ್ದರು. ಈಗ ಬಹುಮಟ್ಟಿಗೆ ಸೇಬು ಹೋಗಿದೆ, ಹೆಸರು ಉಳಿದಿದೆ. ನಮ್ಮ ಶಾಸ್ತ್ರಕಾರರು ಇಂತಹುದನ್ನೇ ರೂಢಿಶಬ್ದವೆಂದರು. ದರ್ಭೆಯನ್ನು ಕತ್ತರಿಸಿ ತರುವವನಿಗೆ ಮೊದಲು ಸಂದ 'ಕುಶಲ' ಎಂಬ ಹೆಸರನ್ನು ಇಂದು ದರ್ಭೆಯನ್ನೇ ಕಾಣದವನೂ ಹೊತ್ತಿರುವನಲ್ಲವೆ!

ಬಂದ ನಾಲ್ಕನೆಯ ದಿನ ಮಗು ಆ ತಿಂಡಿಯನ್ನು ಕೇಳಿತು. ಅದನ್ನು ಬೇಯಿಸುವ ಪಾತ್ರೆಯ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿತು. ದುಂಡು ಹಂಚು, ಅದರಲ್ಲಿ ಏಳು ಕುಳಿಗಳು. ನಾನು ನಕ್ಕುಬಿಟ್ಟೆನು. ಅದು ಪಡ್ಡಿನ ಹಂಚಲ್ಲದೆ ಮತ್ತೇನು? ಚಿತ್ರದುರ್ಗದ ತವರಿನಿಂದ ನನ್ನ ಹೆಂಡತಿ ತಂದಿದ್ದ ಬಳಪದ ಕಲ್ಲಿನ ಗುಳಿಹಂಚು ಅಟ್ಟದ ಮೇಲಿದ್ದಿತು. ಆಕೆ ತೀರಿಕೊಂಡು ಮೂರು ವರ್ಷಗಳಾದುವು. ಅಂದಿನಿಂದ ಅದನ್ನು ಯಾರೂ ಇಳಿಸಿರಲಿಲ್ಲ. ಸಂಭ್ರಮದಲ್ಲಿ ಇಳಿಸಿದೆನು, ತೊಳೆದೆನು, ತೇವವಾರುವುದಕ್ಕೂ ಬಿಡದೆ ಅನಿಲದೊಲೆಯ ಮೇಲಿಟ್ಟು ಉರಿಯನ್ನು ದೊಡ್ಡದು ಮಾಡಿದೆನು. ಐದು ನಿಮಿಷದೊಳಗೆ 'ಟಪ್' ಎಂದು ಸದ್ದಾಯಿತು. ಹಂಚು ಎರಡು ಹೋಳಾಗಿದ್ದಿತು.

ವಾಚಕರು ಈ ತಪ್ಪನ್ನು ಮಾಡದಿರಲೆಂದು ಕಾರಣವನ್ನು ತಿಳಿಸುವೆನು. ಕಲ್ಲು ಮೆಲ್ಲಗೆ ಕಾಯುವ ವಸ್ತು. ಒಮ್ಮೆಗೇ ದೊಡ್ಡ ಉರಿ ತಾಗಿದರೆ ತಳಭಾಗವು ಹಿಗ್ಗುವುದು, ಮೇಲ್ಭಾಗವು ಹಿಗ್ಗದು. ಕಣಗಳ ನಡುವೆ ನಿಂತ ನೀರು ಆವಿಯಾಗಿ ಒಳಗಿನಿಂದ ಒತ್ತುವುದು. ಬಹುಕಾಲ ಬಳಸದ ಕಲ್ಲನ್ನು ಎಣ್ಣೆ ಸವರಿ ನೆರಳಿನಲ್ಲಿ ಆರಿಸಿ, ಮೊದಲ ಕಾಲುಗಂಟೆ ಸಣ್ಣ ಉರಿಯಲ್ಲಿಯೇ ಇಡಬೇಕು. ಇದನ್ನು ನನ್ನ ಹೆಂಡತಿ ನನಗೆ ಹತ್ತಾರು ಸಲ ಹೇಳಿದ್ದಳು.

ಮಗು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿತು. ಆಮೇಲೆ ಆ ತಿಂಡಿಯ ಹೆಸರನ್ನು ಎತ್ತಲಿಲ್ಲ. ಕೊಟ್ಟುದನ್ನು ಸದ್ದಿಲ್ಲದೆ ತಿಂದು ಮೂಲೆಯಲ್ಲಿ ಕೂರುತ್ತಿದ್ದಿತು. ದಂಡಾಪೂಪನ್ಯಾಯವೆಂದು ಸಂಸ್ಕೃತದಲ್ಲಿ ಒಂದು ನ್ಯಾಯವುಂಟು. ಕೋಲಿಗೆ ಕಟ್ಟಿದ್ದ ಅಪ್ಪಗಳು ಏನಾದುವೆಂದು ಕೇಳಿದಾಗ, ಇಲಿಯು ಕೋಲನ್ನೇ ತಿಂದಿರಲು ಅಪ್ಪಗಳನ್ನು ಬಿಟ್ಟಿದ್ದೀತೆ ಎಂಬುದು ಅದರ ತಾತ್ಪರ್ಯ. ಕಲ್ಲೇ ಒಡೆದಿರಲು ಮಗುವಿನ ಉತ್ಸಾಹವು ಉಳಿದೀತೆ ಎಂದುಕೊಂಡು ನಾನು ಸುಮ್ಮನಾದೆನು. ಆದರೆ ಮೂರು ದಿನ ಕಳೆದರೂ ಅದರ ಮುಖ ಅರಳದಿರಲು, ಹೊಸ ಹಂಚನ್ನು ತರೋಣವೆಂದು ಅದನ್ನೂ ಕರೆದುಕೊಂಡು ಬೆಳಗ್ಗೆಯೇ ಹೊರಟೆನು.

ಮೊದಲು ಹೆಬ್ಬಾಳದಲ್ಲಿ ಇಳಿದೆವು. ಅಲ್ಲಿಯ ಮೇಲ್ಸೇತುವೆಯನ್ನೂ ಅದರ ಮೇಲೆ ವಿಮಾನನಿಲ್ದಾಣಕ್ಕೆ ಧಾವಿಸುವ ಮೋಟಾರುಗಳನ್ನೂ ಕಾಣದವರಿಲ್ಲ. ಹಳೆಯ ಊರಿನೊಳಗಿರುವ ಶಾಸನವನ್ನು ಕಂಡವರು ಕೆಲವರೇ. ಗಂಗರಾಜ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. ೭೫೦ರ ಕನ್ನಡ ಶಾಸನವದು. ೨೦೧೮ರಲ್ಲಿ ನೆಲವನ್ನು ಅಗೆಯುವಾಗ ದೊರೆತ ಆ ಕಲ್ಲಿಗೆ ಈಗ ಮಂಟಪವನ್ನು ಕಟ್ಟಿ ನಿಲ್ಲಿಸಿರುವರು. ಯುದ್ಧದಲ್ಲಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮರಣೆಗಾಗಿ ನೆಟ್ಟ ಕಲ್ಲು. ಪೆರ್ಬೊಳಲ್‌ನಾಡೆಂಬ ಹೆಸರು ಅದರಲ್ಲಿ ಬರುವುದು. ರಾಜಧಾನಿಯಾಗಲಿ ಅದನ್ನು ಕಟ್ಟಿದ ಕೆಂಪೇಗೌಡರಾಗಲಿ ಇನ್ನೂ ಇಲ್ಲದ ಕಾಲದ ಅಕ್ಷರಗಳೆಂದು ಮಗುವಿಗೆ ಹೇಳಿ, ಹತ್ತಿರ ಹೋಗಿ ನೋಡೆಂದೆನು. ಮಗು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿಯಿತು.

"ಬೇಡ. ನಾನು ಮುಟ್ಟಿದರೆ ಒಡೆಯುತ್ತದೆ" ಎಂದಿತು. ಅಷ್ಟು ತಪ್ಪಿಲ್ಲದ ಕನ್ನಡ ವಾಕ್ಯವನ್ನು ಅದರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಆಗ ನನಗೆ ತಿಳಿಯಿತು. ಅಜ್ಜಿಯ ಕಲ್ಲು ತನ್ನ ಆಸೆಯಿಂದ ಒಡೆಯಿತೆಂದು ಆ ಮಗು ಮೂರು ದಿನದಿಂದ ನಂಬಿದ್ದಿತು. ನಾನಾದರೋ ಅದು ತಿಂಡಿಗಾಗಿ ಸೊರಗಿದೆಯೆಂದು ಬಗೆದು, ಯಾವ ನ್ಯಾಯ ಇಲ್ಲಿಗೆ ಒಪ್ಪುವುದೆಂದು ಎಣಿಸುತ್ತಿದ್ದೆನು. ಮಂಟಪದ ಮೆಟ್ಟಿಲ ಮೇಲೆ ಕುಳಿತು ನನ್ನ ಎದೆಯನ್ನು ಮುಟ್ಟಿ ತೋರಿಸಿ, "ಒಡೆದವನು ನಾನು. ನೀನಲ್ಲ. ನಾನು" ಎಂದೆನು. ಮಗು ಬಹಳ ಹೊತ್ತು ನನ್ನ ಮುಖವನ್ನು ನೋಡಿ, "ಅಜ್ಜಿಗೆ ಕೋಪ ಬರುತ್ತಾ?" ಎಂದು ಕೇಳಿತು. "ನನ್ನ ಮೇಲೆ ಬರುತ್ತದೆ. ಅದು ಹೊಸದಲ್ಲ" ಎಂದೆನು. ಅದಕ್ಕೆ ನಗು ಬಂದಿತು.

ಬಳ್ಳಾರಿಯ ರಸ್ತೆಯಲ್ಲಿ ಬಸ್ಸು ಮುಂದೆ ಸಾಗಿತು. ಬ್ಯಾಟರಾಯನಪುರ ಕಳೆಯಿತು, ಜಕ್ಕೂರಿನ ಕಡೆಯ ಆಕಾಶದಲ್ಲಿ ಕಿರುವಿಮಾನವೊಂದು ಸುತ್ತುತ್ತಿದ್ದಿತು. ಸಮುದ್ರಗಳ ಆಚೆಗಿರುವ ಎರಡು ದೇಶಗಳಲ್ಲಿ ಒಂದೇ ರೂಪದ ಹಂಚು ಹೇಗೆ ಬಂದಿತೆಂಬ ಆಲೋಚನೆ ನನಗೆ ಹತ್ತಿತು. ಡೇನರು ೧೬೨೦ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ನೆಲೆಯೂರಿ, ೧೮೪೫ರಲ್ಲಿ ಅದನ್ನು ಇಂಗ್ಲಿಷರಿಗೆ ಮಾರಿದರು. ಅಲ್ಲಿಯ ಪಣಿಯಾರವನ್ನು ಕಂಡು ಹಂಚನ್ನು ಹಡಗಿನಲ್ಲಿ ಒಯ್ದರೆಂದು ಕಥೆ ಕಟ್ಟುವುದು ಸುಲಭ. ಆಧಾರವಿಲ್ಲದೆ ಕಟ್ಟುವುದು ಮಾತ್ರ ಪಂಡಿತನಿಗೆ ತಕ್ಕುದಲ್ಲ. ಹಾಲೆಂಡಿನವರಿಗೂ ಜಪಾನಿನವರಿಗೂ ಕುಳಿಯ ಹಂಚುಗಳಿವೆ. ಹಿಟ್ಟು ಹರಿಯದಂತೆ ನಿಲ್ಲಬೇಕು, ಎಣ್ಣೆ ಕಡಿಮೆ ಬೇಕು, ಸುತ್ತಲೂ ಗರಿಯಾಗಬೇಕು, ಒಳಗೆ ಮೆತ್ತಗಿರಬೇಕು ಎಂದು ಬಯಸಿದ ಯಾವ ಗೃಹಿಣಿಗಾದರೂ ಈ ಕುಳಿಯು ಹೊಳೆಯಬಹುದು.

ನಮ್ಮಲ್ಲಿಯೇ ಇದಕ್ಕೆ ಎಷ್ಟು ಹೆಸರುಗಳು! ದಾವಣಗೆರೆ ಚಿತ್ರದುರ್ಗಗಳಲ್ಲಿ ಪಡ್ಡು, ಬೇರೆ ಕಡೆ ಗುಂಡುಪೊಂಗಲು, ಗುಳಿಯಪ್ಪ, ಕೊಂಕಣಿಗರಲ್ಲಿ ಅಪ್ಪೆ, ರಾಯಲಸೀಮೆಯಲ್ಲಿ ಗುಂತಪೊಂಗಣಾಲು, ಕೇರಳದಲ್ಲಿ ಬೆಲ್ಲ ಬೆರೆಸಿದ ಉಣ್ಣಿಯಪ್ಪ. ಕಾಸರಗೋಡಿನ ಬಳಿಯ ಮಧೂರಿನ ಗಣಪತಿಗೆ ಅಪ್ಪವೇ ಪ್ರಸಿದ್ಧವಾದ ನೈವೇದ್ಯ. ಋಗ್ವೇದದಲ್ಲಿ ಅಪೂಪವುಂಟು, ಪಾಣಿನಿಯ ಸೂತ್ರದಲ್ಲಿ ಅಪೂಪವುಂಟು, ಅಮರಕೋಶದಲ್ಲಿಯೂ ಉಂಟು. ಅಪ್ಪವು ಅಪೂಪದಿಂದಲೇ ಬಂದಿತೆಂದು ನಾನು ತರಗತಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆನು. ಅಪ್ಪವು ದ್ರಾವಿಡ ನಿಘಂಟಿನಲ್ಲಿಯೂ ಇರುವುದನ್ನು ಕಂಡಮೇಲೆ ದನಿಯನ್ನು ತಗ್ಗಿಸಿರುವೆನು.

ಯಲಹಂಕವು ಹಳೆಯ ಊರು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪಾಕ್ಕನಾಡೆಂದು ಕಾಣುವುದು ಇದೇ. ಇಲ್ಲಿಯ ನಾಡಪ್ರಭುಗಳ ವಂಶದ ಕೆಂಪೇಗೌಡರು ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿದರೆಂಬುದು ಪ್ರಸಿದ್ಧ. ಎಂದರೆ, ಬೆಂಗಳೂರು ಯಲಹಂಕದ ಮಗು. ಈಗ ಆ ಮಗುವೇ ಬೆಳೆದು ತಾಯಿಯನ್ನು ತನ್ನ ಬಡಾವಣೆಯೆಂದು ಕರೆಯುತ್ತಿರುವುದು. ೧೯೮೪ರಿಂದ ರೈಲಿನ ಗಾಲಿಗಳನ್ನು ಎರಕಹೊಯ್ಯುವ ಕಾರ್ಖಾನೆಯೂ ಈ ಊರಿನಲ್ಲಿಯೇ ಇರುವುದು. ದೇಶದ ರೈಲುಗಳಿಗೆ ಗಾಲಿಯನ್ನು ಕೊಡುವ ಊರಿನಲ್ಲಿ ನನಗೆ ಏಳು ಕುಳಿಯ ಒಂದು ಹಂಚು ಸಿಕ್ಕದೆ ಹೋದೀತೆ ಎಂದುಕೊಂಡು ಹಳೆಯ ಪೇಟೆಯ ಬೀದಿಗೆ ನಡೆದೆನು.

ಮೂರನೆಯ ಅಂಗಡಿಯಲ್ಲಿ ದಾವಣಗೆರೆಯ ಕಡೆಯ ಒಬ್ಬ ಮುದುಕಿ ಕುಳಿತಿದ್ದಳು. ಕಲ್ಲಿನ ಹಂಚು ಅವಳಲ್ಲಿರಲಿಲ್ಲ, ಎರಕದ ಕಬ್ಬಿಣದ್ದಿದ್ದಿತು. "ಇದ್ರಾಗ ಏನ್ ಮಾಡ್ತೀಯವ್ವಾ?" ಎಂದು ಮಗುವನ್ನು ಕೇಳಿದಳು. "ಎಬ್ಲೆಸ್ಕಿವರ್" ಎಂದಿತು ಮಗು. ಮುದುಕಿಯು ಸ್ವಲ್ಪವೂ ಬೆರಗಾಗದೆ, "ಹೂಂ, ನಿಮ್ಮ ಕಡೆ ಪಡ್ಡಿಗೆ ಹಂಗಂತಾರೇನೋ" ಎಂದಳು. ಆ ತಿಂಡಿಗೆ ಮೊಟ್ಟೆಯನ್ನು ಹಾಕುವರೆಂದೂ ನಮ್ಮ ಅಡಿಗೆಮನೆಗೆ ಅದು ಬಾರದೆಂದೂ ನಾನು ಸಂಕಟವನ್ನು ಹೇಳಿಕೊಂಡೆನು. "ಅದಕ್ಯಾಕ ಚಿಂತಿ? ರುಬ್ಬಿದ ಉದ್ದು ಒಂದು ಸೌಟು ಹಾಕ್ರಿ. ಹಿಡಿತೈತಿ, ಉಬ್ಬತೈತಿ" ಎಂದಳು. ಉದ್ದಿನ ಲೋಳೆಯು ಗಾಳಿಯ ಗುಳ್ಳೆಗಳನ್ನು ಹಿಡಿದಿಡುವುದೆಂಬುದು ಶಾಸ್ತ್ರಜ್ಞರೂ ಒಪ್ಪಿದ ವಿಷಯ. ಇಡ್ಲಿಯು ಮೆತ್ತಗಾಗುವುದೂ ಅದರಿಂದಲೇ.

ಹೊಸ ಹಂಚನ್ನು ಈ ಸಲ ಅವಸರಿಸಲಿಲ್ಲ. ಒಂದು ದಿನ ಗಂಜಿಯ ತಿಳಿಯಲ್ಲಿ ನೆನೆಯಿಟ್ಟೆವು. ಆಮೇಲೆ ಎರಡು ದಿನ, ಎಣ್ಣೆ ಸವರಿ ಕಾಯಿಸುವುದು, ಈರುಳ್ಳಿಯ ಹೋಳಿನಿಂದ ಕುಳಿಗಳನ್ನು ಉಜ್ಜುವುದು, ಆರಿಸುವುದು, ಮತ್ತೆ ಎಣ್ಣೆ ಸವರುವುದು. ಹೀಗೆ ಮಾಡಲು ಎಣ್ಣೆಯು ಸುಟ್ಟು ಕಬ್ಬಿಣದ ಮೇಲೆ ನುಣುಪಾದ ಕರಿಯ ಪದರವಾಗಿ ನಿಲ್ಲುವುದು, ಹಿಟ್ಟು ಅಂಟದು. ಅಷ್ಟರಲ್ಲಿ ಮಗಳು ಬೆಂಗಳೂರು ನೀಲಿ ದ್ರಾಕ್ಷಿಯ ಪಾಕವನ್ನು ಮಾಡಿದಳು. ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆಯ ಈ ದ್ರಾಕ್ಷಿಗೆ ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹಿಚುಕಿದರೆ ತಿರುಳು ಸಿಪ್ಪೆಯಿಂದ ಜಾರಿಬರುವುದು; ತಿರುಳನ್ನು ಬೇಯಿಸಿ ಬೀಜವನ್ನು ಸೋಸಿ, ಸಿಪ್ಪೆಯನ್ನೂ ಮುಕ್ಕಾಲು ಅಳತೆಯ ಸಕ್ಕರೆಯನ್ನೂ ಸೇರಿಸಿ ಕುದಿಸಿದರೆ ಹುಳಿಸಿಹಿಯ ಕಡುನೀಲಿ ಪಾಕವಾಗುವುದು.

ಮಾಡಲಿಚ್ಛಿಸುವ ಗೃಹಿಣಿಯರಿಗಾಗಿ ಅಳತೆಯನ್ನು ಕೊಡುವೆನು. ಮೈದಾ ೨ ಬಟ್ಟಲು, ಹುಳಿಯಾದ ಗಟ್ಟಿ ಮಜ್ಜಿಗೆ ೨ ಬಟ್ಟಲು, ನುಣ್ಣಗೆ ರುಬ್ಬಿದ ಉದ್ದು ೧ ಸೌಟು, ಕರಗಿಸಿದ ಬೆಣ್ಣೆ ೨ ಚಮಚ, ಸಕ್ಕರೆ ೨ ಚಮಚ, ಉಪ್ಪು ೧ ಚಿಟಿಕೆ, ಏಲಕ್ಕಿಯ ಪುಡಿ ಅರ್ಧ ಚಮಚ. ನಮ್ಮ ಮಲೆನಾಡಿನ ಏಲಕ್ಕಿಯನ್ನು ಆ ಉತ್ತರದೇಶದವರೂ ತಮ್ಮ ಭಕ್ಷ್ಯಗಳಿಗೆ ಬಹುವಾಗಿ ಬಳಸುವರೆಂಬುದು ವಿಶೇಷ. ಅರ್ಧ ಚಮಚ ಅಡಿಗೆಯ ಸೋಡವನ್ನು ಕಡೆಯಲ್ಲಿ, ಹೊಯ್ಯುವ ಮುನ್ನ ಬೆರೆಸಬೇಕು. ಮಜ್ಜಿಗೆಯ ಹುಳಿಗೆ ಅದು ಸೇರಿದೊಡನೆ ಗಾಳಿಯೇಳುವುದು, ತಡಮಾಡಿದರೆ ಹಾರಿಹೋಗುವುದು. ಕುಳಿಗೆ ಬೆಣ್ಣೆಯಿಟ್ಟು ಮುಕ್ಕಾಲು ತುಂಬ ಹೊಯ್ದು, ನಡುವೆ ಸೇಬಿನ ಚೂರನ್ನು ಒತ್ತಿ, ಸಣ್ಣ ಉರಿಯಲ್ಲಿ ಬೇಯಿಸಬೇಕು.

ಮಗುಚುವುದರಲ್ಲಿಯೇ ಮರ್ಮವಿರುವುದು. ಆ ದೇಶದ ಹಿರಿಯ ಹೆಂಗಸರು ಉಣ್ಣೆಯ ಹೆಣಿಗೆಯ ಕಡ್ಡಿಯಿಂದ ಮಗುಚುವರೆಂದು ಮಗಳು ಹೇಳಿದಳು. ನನ್ನ ಹೆಂಡತಿಯ ಹೆಣಿಗೆಯ ಕಡ್ಡಿಗಳು ಪೆಟ್ಟಿಗೆಯಲ್ಲಿದ್ದುವು. ಒಂದನ್ನು ತೊಳೆದು ಮಗುವಿನ ಕೈಗಿತ್ತೆನು. ನಾನು ಚಮಚವನ್ನು ಹಿಡಿದು, ಪಡ್ಡಿನಂತೆ ತಳ ಬೆಂದೊಡನೆ ಪೂರ್ತಿಯಾಗಿ ಮಗುಚಿದೆನು, ನನ್ನದು ಚಪ್ಪಟೆಯಾಯಿತು. ಮಗು ಹಾಗೆ ಮಾಡಲಿಲ್ಲ. ಅಂಚು ಗಟ್ಟಿಯಾದೊಡನೆ ಕಾಲುಭಾಗವನ್ನು ಮಾತ್ರ ತಿರುಗಿಸಿತು. ಒಳಗಿನ ಹಸಿಹಿಟ್ಟು ಕೆಳಕ್ಕೆ ಹರಿದು ಹೊಸ ಗೋಡೆಯಾಯಿತು. ಮತ್ತೆ ಕಾಲು, ಮತ್ತೆ ಕಾಲು. ಕಡೆಗೆ ಪೂರ್ಣವಾದ ಗೋಳವೊಂದು ಕಡ್ಡಿಯ ತುದಿಯಲ್ಲಿ ಮೇಲೆ ಬಂದಿತು. ತಟ್ಟೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, "ತಾತಾ, ನಿನ್ನದು ಪಡ್ಡು. ನನ್ನದು ಎಬ್ಲೆಸ್ಕಿವರ್" ಎಂದು ತೀರ್ಪಿತ್ತಿತು. ಆ ದಿನ ನನಗೆ ಕಾಲುಭಾಗ ತಿರುಗಿಸುವುದನ್ನು ಕಲಿಸಲು ಅದು ಹನ್ನೊಂದು ಸಲ ಮಾತನಾಡಿತು, ಎಲ್ಲವೂ ಕನ್ನಡದಲ್ಲಿ. ನಾನು ಮಂದವಿದ್ಯಾರ್ಥಿಯಾದುದರಿಂದ ಆದ ಲಾಭವಿದು.

ಅವರು ಹೊರಟುಹೋಗಿ ಕೆಲವು ತಿಂಗಳುಗಳಾದುವು. ಒಡೆದ ಕಲ್ಲಿನ ದೊಡ್ಡ ಹೋಳಿನಲ್ಲಿ ಮೂರು ಕುಳಿಗಳು ಸರಿಯಾಗಿಯೇ ಇವೆ. ತುಲಸಿಯ ಕಟ್ಟೆಯ ಮೇಲಿಟ್ಟು ಸಂಜೆ ಎಣ್ಣೆಬತ್ತಿಯನ್ನು ಹಾಕುತ್ತಿರುವೆನು. ಕಬ್ಬಿಣದ ಹಂಚು ಅಟ್ಟಕ್ಕೆ ಹೋಗಿಲ್ಲ. ಬರುವ ಡಿಸೆಂಬರಿನವರೆಗೆ ತುಕ್ಕು ಹಿಡಿಯಬಾರದೆಂದು ವಾರಕ್ಕೊಮ್ಮೆ ಅದಕ್ಕೆ ಎಣ್ಣೆಯನ್ನು ಸವರುವೆನು. ಒಬ್ಬನಿಗಾಗಿ ಹಂಚು ತುಂಬ ಮಾಡಲಾಗದು. ಆದರೂ ಆಗಾಗ ಒಂದೆರಡು ಕುಳಿಗಳಿಗೆ ಹಿಟ್ಟನ್ನು ಹೊಯ್ದು ಕಾಲುಭಾಗ ತಿರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಒಂದು ಪಕ್ಕ ಚಪ್ಪಟೆಯಾಗಿಯೇ ಬರುತ್ತಿದೆ.